ಕೂಪರ್ಸ್‌ಟೌನ್‌ನ ಸಮಿತಿಯವರಿಗೆ: ವಿಲಿಯಂ ಹೋಯ್ ಹೆಸರನ್ನು ಪಟ್ಟಿಗೆ ಹಾಕಿ

ಗೆ,
ಹಿಸ್ಟಾರಿಕಲ್ ಓವರ್‌ವ್ಯೂ ಕಮಿಟಿಯ ಸದಸ್ಯರು,
ನ್ಯಾಷನಲ್ ಬೇಸ್‌ಬಾಲ್ ಹಾಲ್ ಆಫ್ ಫೇಮ್,
ಕೂಪರ್ಸ್‌ಟೌನ್, ನ್ಯೂಯಾರ್ಕ್.

ಮಾನ್ಯರೇ,

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದಲು ಬರುವುದಿಲ್ಲ ಅಂತ ಗೊತ್ತು. ಇದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದು ಬೇರೆಯಾಗಿ ಅಂಚೆಗೆ ಹಾಕುತ್ತೇನೆ. ಆದರೆ ಮೊದಲು ನನ್ನ ಭಾಷೆಯಲ್ಲೇ ಬರೆಯೋಣ ಅನ್ನಿಸಿತು. ನಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಅವರಿಗೆ ಅಂಪೈರ್ ಹೇಳಿದ್ದು ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಮೂರನೇ ಬೇಸ್ ಹತ್ತಿರ ನಿಂತ ಒಬ್ಬರು ಕೈಯೆತ್ತಿ ತಿಳಿಸುತ್ತಿದ್ದರು. ನಿಮಗೂ ಹಾಗೆ ಯಾರಾದರೂ ತಿಳಿಸಿಯಾರು.

ಅವರ ಹೆಸರು ವಿಲಿಯಂ ಎಲ್ಸ್‌ವರ್ತ್ ಹೋಯ್, ಹಳೆಯ ಕಾಲದ ಬೇಸ್‌ಬಾಲ್ ಆಟಗಾರ. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಯಾರನ್ನಾದರೂ ಕರೆಯುವುದೇ ‘ಹ್ವಾಯ್’ ಅಂತ. ಸಿನ್ಸಿನಾಟಿಗೆ ಬಂದ ಮೊದಲ ವರ್ಷ ಇಲ್ಲಿನ ರೆಡ್ಸ್ ತಂಡದ ಮ್ಯೂಸಿಯಂನಲ್ಲಿ ಸುಮ್ನೆ ಸುತ್ತುತ್ತಿದ್ದೆ. ಬೇಸ್‌ಬಾಲ್ ತಲೆಬುಡ ಗೊತ್ತಿರಲಿಲ್ಲ. ಗೋಡೆಯ ಮೇಲೆ ಹೋಯ್ ಅಂತ ಹೆಸರು ಕಂಡು ನಗು ಬಂತು. ಹೆಸರೇ ಒಂದು ಕೂಗು! ಹತ್ತಿರ ಹೋಗಿ ಓದಿದರೆ, ಆ ಮನುಷ್ಯನಿಗೆ ಮೂರನೇ ವಯಸ್ಸಿನಿಂದ ಯಾವ ಕೂಗೂ ಕೇಳಿಸಿರಲಿಲ್ಲ. ಅಲ್ಲಿಂದ ಶುರುವಾದದ್ದು ನನ್ನ ಈ ಹುಚ್ಚು.

ರೆಡ್ಸ್ ತಂಡ ತನ್ನ ಸ್ವಂತ ಹಾಲ್ ಆಫ್ ಫೇಮ್‌ಗೆ, ಅಂದರೆ ದೊಡ್ಡ ಆಟಗಾರರ ಗೌರವದ ಪಟ್ಟಿಗೆ, ಹೋಯ್ ಅವರನ್ನು 2003ರಲ್ಲೇ ಸೇರಿಸಿಕೊಂಡಿದೆ. ಕಿವಿ ಕೇಳದ ಕ್ರೀಡಾಪಟುಗಳ ಅಮೆರಿಕನ್ ಸಂಸ್ಥೆ 1951ರಲ್ಲೇ ಅವರನ್ನು ಗೌರವಿಸಿತು. ನಿಮ್ಮ ಗೋಡೆಯ ಮೇಲೆ ಮಾತ್ರ ಇನ್ನೂ ಇಲ್ಲ.

ಈಗ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಪಾಪ, ಕಿವಿ ಕೇಳಿಸದಿದ್ದರೂ ಆಡಿದರಲ್ಲ’ ಅಂತ ಅವರನ್ನು ಒಳಗೆ ಬಿಡಿ ಅಂತ ನಾನು ಕೇಳುತ್ತಿಲ್ಲ. ಹಾಗೆ ಬಿಟ್ಟರೆ ನನಗೇ ಬೇಜಾರು. ಆಟ ನೋಡಿ. ಮೊದಲು ಆಟ.

ಹೋಯ್ ಹುಟ್ಟಿದ್ದು 1862ರ ಮೇ 23ರಂದು, ಒಹಾಯೊದ ಹೌಕ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಮೆದುಳು ಪೊರೆಯ ಜ್ವರ ಬಂದು ಕಿವಿ ಹೋಯಿತು. ಕೊಲಂಬಸ್‌ನಲ್ಲಿದ್ದ ಕಿವುಡು ಮಕ್ಕಳ ಶಾಲೆಯಲ್ಲಿ ಓದಿ, ತರಗತಿಗೇ ಮೊದಲಿಗರಾಗಿ ಹೊರಬಂದರು. ಊರಿಗೆ ವಾಪಸ್ ಹೋಗಿ ಬೂಟು ರಿಪೇರಿ ಅಂಗಡಿ ಇಟ್ಟರು. ಬೇಸಿಗೆಯಲ್ಲಿ ಹಳ್ಳಿಯ ಜನ ಬರಿಗಾಲಲ್ಲಿ ಓಡಾಡುತ್ತಿದ್ದರು. ಅಂಗಡಿಗೆ ಕೆಲಸ ಕಡಿಮೆ, ಮೈದಾನಕ್ಕೆ ಸಮಯ ಜಾಸ್ತಿ. 1886ರಲ್ಲಿ ವಿಸ್ಕಾನ್ಸಿನ್‌ನ ಆಷ್‌ಕಾಷ್ ತಂಡ ಸಂಬಳ ಕೊಟ್ಟು ಆಡಲು ಕರೆಯಿತು. ಎರಡು ವರ್ಷದ ನಂತರ, 1888ರಲ್ಲಿ, ವಾಷಿಂಗ್ಟನ್ ತಂಡದ ಮೂಲಕ ದೊಡ್ಡ ಲೀಗ್‌ಗೆ ಬಂದರು. ಬಂದ ಮೊದಲ ವರ್ಷವೇ 82 ಬೇಸ್ ಕದ್ದರು. ಆ ವರ್ಷ ನ್ಯಾಷನಲ್ ಲೀಗ್‌ನಲ್ಲಿ ಅಷ್ಟು ಕದ್ದವರು ಇನ್ನೊಬ್ಬರಿಲ್ಲ.

(ಇದು ನಿಮಗಲ್ಲ, ನನ್ನ ಕನ್ನಡದ ಓದುಗರಿಗೆ: ಓಟಗಾರ ಒಂದೊಂದಾಗಿ ಮುಟ್ಟಬೇಕಾದ ನಾಲ್ಕು ಮೂಲೆಗಳೇ ಬೇಸ್, ಕೊನೆಯದು ಹೋಮ್ ಪ್ಲೇಟ್. ಬೇಸ್ ಕದಿಯುವುದೆಂದರೆ ಪಿಚರ್, ಅಂದರೆ ಇಲ್ಲಿನ ಬೌಲರ್, ಚೆಂಡೆಸೆಯುವ ಹೊತ್ತು ನೋಡಿ ಮುಂದಿನ ಬೇಸ್‌ಗೆ ಓಡಿ ಸೇರುವುದು. ನಮ್ಮ ಕ್ರಿಕೆಟ್‌ನಲ್ಲಿ ನಾನ್ ಸ್ಟ್ರೈಕರ್ ಸ್ವಲ್ಪ ಮುಂದೆ ಹೋಗಿ ನಿಂತರೆ ಎಷ್ಟು ಗಲಾಟೆ ಆಗುತ್ತದೆ! ಇಲ್ಲಿ ಅದು ಕಲೆ. ಸಿಕ್ಕಿಬಿದ್ದರೆ ಔಟ್.)

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆ ಕಾಲದ ಲೆಕ್ಕ ಸ್ವಲ್ಪ ಧಾರಾಳ. ಬೇರೆಯವರ ಹೊಡೆತಕ್ಕೆ ಒಂದು ಬೇಸ್ ಹೆಚ್ಚಿಗೆ ಓಡಿದರೂ ‘ಕದ್ದದ್ದು’ ಅಂತಲೇ ಬರೆಯುತ್ತಿದ್ದರು. 1898ರಲ್ಲಿ ಆ ನಿಯಮ ಹೋಯಿತು. ಹಾಗಾಗಿ ಹೋಯ್ ಅವರ ಒಟ್ಟು ಲೆಕ್ಕ 600ರ ಹತ್ತಿರ ಬರುವುದನ್ನು ನೋಡಿ ಈಗಿನ ಆಟಗಾರರ ಜೊತೆ ತಕ್ಕಡಿಯಲ್ಲಿಡಬೇಡಿ. ಆದರೆ ಧಾರಾಳದ ಲೆಕ್ಕ ಎಲ್ಲರಿಗೂ ಒಂದೇ ಅಲ್ವಾ? ಅದೇ ಲೆಕ್ಕದಲ್ಲೇ ಅವರು ಮೊದಲಿಗರಾಗಿದ್ದು.

ಇನ್ನು 1889ರ ಜೂನ್ 19. ಇಂಡಿಯಾನಾಪೊಲಿಸ್ ವಿರುದ್ಧದ ಆಟ. ವಾಷಿಂಗ್ಟನ್ ಆಗ ಲೀಗ್‌ನ ಕಟ್ಟಕಡೆಯ ತಂಡ. 1888ರಲ್ಲೂ ಕೊನೆ, 1889ರಲ್ಲೂ ಕೊನೆ. ಅಂಥ ತಂಡದ ಔಟ್‌ಫೀಲ್ಡ್‌ನಲ್ಲಿ ನಿಂತಿದ್ದರು ಹೋಯ್. ಆ ದಿನ ಮೂರು ಸಲ ಎದುರಾಳಿ ಓಟಗಾರರು ರನ್ ಗಳಿಸಲು ಹೋಮ್ ಪ್ಲೇಟ್ ಕಡೆ ಓಡಿದರು. ಮೂರು ಸಲವೂ ಹೋಯ್ ದೂರದಿಂದ ಎಸೆದ ಚೆಂಡು ಅವರಿಗಿಂತ ಮುಂಚೆ ಅಲ್ಲಿಗೆ ಬಂದಿತ್ತು. ಹೋಮ್ ಪ್ಲೇಟ್ ಹಿಂದೆ ನಿಂತು ಚೆಂಡು ಹಿಡಿದ ಕ್ಯಾಚರ್ ಕಾನಿ ಮ್ಯಾಕ್. ಮುಂದೆ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಐವತ್ತು ವರ್ಷ ನಡೆಸಿದ ಅದೇ ಮ್ಯಾಕ್. ಅವರ ಫಲಕ ನಿಮ್ಮಲ್ಲಿದೆ. ಚೆಂಡು ಹಿಡಿದವರು ಒಳಗೆ, ಎಸೆದವರು ಹೊರಗೆ.

ಕ್ರಿಕೆಟ್ ನೋಡಿ ಬೆಳೆದ ನನಗೆ ಆ ಮೂರು ಎಸೆತದ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಡೀಪ್ ಮಿಡ್‌ವಿಕೆಟ್‌ನಿಂದ ನೇರ ಸ್ಟಂಪ್‌ಗೆ ಬಡಿದು ಒಂದು ರನ್ ಔಟ್ ಮಾಡಿದರೆ ವರ್ಷಗಟ್ಟಲೆ ಮಾತಾಡುತ್ತೇವೆ. ಒಂದೇ ಆಟದಲ್ಲಿ ಮೂರು! ಔಟ್‌ಫೀಲ್ಡರ್‌ಗೆ ಬ್ಯಾಟ್ ಚೆಂಡಿಗೆ ತಾಗಿದ ಸದ್ದೂ ಒಂದು ಸುಳಿವು. ಸದ್ದು ಕೇಳಿ ಹಿಂದೆ ಓಡಬೇಕೋ ಮುಂದೆ ಓಡಬೇಕೋ ಅಂತ ಅಂದಾಜು ಮಾಡುತ್ತಾರೆ. ಹೋಯ್‌ಗೆ ಆ ಸುಳಿವೂ ಇಲ್ಲ. ಪೂರ್ತಿ ಕಣ್ಣಿನ ಮೇಲೆ.

ಅವರ ಬುದ್ಧಿ ಎಂಥದ್ದು ಅಂತ ನನಗೆ ಗೊತ್ತಾದದ್ದು ಒಂದು ಸಣ್ಣ ಚೀಟಿಯಿಂದ. ಅದಕ್ಕೆ ಮೊದಲು ನನ್ನ ಊರಿನ ಒಂದು ಸಂಗತಿ ಹೇಳಬೇಕು.

ಕೊಯ್ಲು ಮುಗಿದ ಗದ್ದೆಯಲ್ಲಿ ನಾವು ಹುಡುಗರು ಕ್ರಿಕೆಟ್ ಆಡುತ್ತಿದ್ದೆವು. ಅದರಲ್ಲಿ ಒಬ್ಬನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮೂಗ ಅಂತ ಕರೆಯುತ್ತಿದ್ದೆವು. ಒಳ್ಳೆ ಫೀಲ್ಡರ್. ಒಂದು ಸಂಜೆ ಚೆಂಡು ಎತ್ತರಕ್ಕೆ ಹೋಯಿತು. ನಾನು ‘ನಂದು, ನಂದು’ ಅಂತ ಕೂಗುತ್ತಾ ಓಡಿದೆ. ಅವನೂ ಓಡಿದ. ಅವನ ತಲೆ ನನ್ನ ಬಾಯಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿಯಿತು. ಎಲ್ಲರೂ ಸೇರಿ ಬೈದದ್ದು ಅವನಿಗೆ. ಮಾರನೇ ದಿನದಿಂದ ಅವನನ್ನು ತೋಡಿನ ಆಚೆ ನಿಲ್ಲಿಸಿದೆವು, ಹೊರಗೆ ಹೋದ ಚೆಂಡು ಹೆಕ್ಕಿ ಕೊಡಲಿಕ್ಕೆ. ನಾನು ಕೂಗಿದ್ದೆನಲ್ಲ, ಅವನಿಗೆ ಕೇಳಿಸದಿದ್ದರೆ ತಪ್ಪು ನನ್ನದಾ? ಆಗ ನನ್ನ ವಾದ ಅಷ್ಟೇ.

ಈಗ ಆ ಚೀಟಿ. ವಾಷಿಂಗ್ಟನ್‌ಗೆ ಬಂದ ಹೊಸತರಲ್ಲಿ ಹೋಯ್ ಅದನ್ನು ಬರೆದು ತಂಡದ ಕೋಣೆಯ ಗೋಡೆಗೆ ಅಂಟಿಸಿದರು. ಅದರ ಸಾರಾಂಶ ಇಷ್ಟು: ನನಗೆ ಕಿವಿ ಕೇಳಿಸುವುದಿಲ್ಲ ಅಂತ ನಿಮಗೆ ಗೊತ್ತು. ಅಕ್ಕಪಕ್ಕ ಆಡುವವರ ಜೊತೆ ಡಿಕ್ಕಿ ಆಗಬಾರದು. ಆದ್ದರಿಂದ ಚೆಂಡು ನಾನು ಹಿಡಿಯುವುದಾದರೆ ನಾನೇ ಕೂಗುತ್ತೇನೆ. ನನ್ನ ಕೂಗು ಕೇಳಿಸದಿದ್ದರೆ ಚೆಂಡು ನಿಮ್ಮದು ಅಂತ ತಿಳಿದುಕೊಳ್ಳಿ.

ಎಷ್ಟು ಸರಳ ನೋಡಿ. ಕೇಳಿಸದವನು ಕೂಗುತ್ತಾನೆ. ಕೇಳಿಸುವವರು ಕೇಳಿದರಾಯಿತು. ನಾವು ಹನ್ನೊಂದು ಜನ ಹುಡುಗರಲ್ಲಿ ಒಬ್ಬನಿಗೂ ಇದು ಹೊಳೆಯಲಿಲ್ಲ. ಸ್ಯಾಮ್ ಕ್ರಾಫರ್ಡ್ 1902ರಲ್ಲಿ ಸಿನ್ಸಿನಾಟಿಯಲ್ಲಿ ಹೋಯ್ ಪಕ್ಕದಲ್ಲೇ ಆಡಿದವರು. ಅವರ ಫಲಕವೂ ನಿಮ್ಮಲ್ಲಿದೆ. ವಯಸ್ಸಾದ ಮೇಲೆ ಅವರು ಈ ಕೂಗನ್ನು ನೆನಪಿಸಿಕೊಂಡಿದ್ದಾರೆ. ಗಂಟಲಿನಿಂದ ಬರುವ ಸಣ್ಣ ಕೀರಲು ಸದ್ದಂತೆ. ಅದು ಕಿವಿಗೆ ಬಿದ್ದರೆ ಚೆಂಡು ಹೋಯ್ ಹಿಡಿಯುತ್ತಾರೆ ಅಂತ ಕ್ರಾಫರ್ಡ್‌ಗೆ ಗೊತ್ತಾಗುತ್ತಿತ್ತು.

ಈಗ ಅಂಪೈರ್ ಸನ್ನೆಯ ವಿಷಯಕ್ಕೆ ಬರುತ್ತೇನೆ. ಹೋಯ್ ಹೆಸರು ಬಂದರೆ ಸಾಕು, ಎಲ್ಲರೂ ಮೊದಲು ಹೇಳುವುದು ಇದನ್ನೇ: ಸ್ಟ್ರೈಕ್‌ಗೆ ಅಂಪೈರ್ ಬಲಗೈ ಎತ್ತುವುದು ಹೋಯ್ ಅವರಿಂದ ಶುರುವಾದದ್ದು ಅಂತ. (ಹೊಡೆಯಬೇಕಿದ್ದ ಚೆಂಡು ತಪ್ಪಿದರೆ ಅಥವಾ ಬಿಟ್ಟರೆ ಸ್ಟ್ರೈಕ್, ಹೊಡೆಯಲಾಗದ ಕಡೆ ಬಂದ ಚೆಂಡು ಬಿಟ್ಟರೆ ಬಾಲ್.) ನಿಮಗೂ ಈ ಬಗ್ಗೆ ಬೇಕಾದಷ್ಟು ಪತ್ರ ಬಂದಿರಬೇಕು. ನನ್ನ ಪತ್ರವನ್ನು ಆ ಕಟ್ಟಿಗೆ ಸೇರಿಸಬೇಡಿ.

ನಡೆದದ್ದು ಇಷ್ಟು. ಮೊದಮೊದಲು ಅಂಪೈರ್ ಏನಂದರು ಅಂತ ತಿಳಿಯಲು ಹೋಯ್ ತಿರುಗಿ ನೋಡಬೇಕಿತ್ತು. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಪಿಚರ್ ಮುಂದಿನ ಚೆಂಡು ಎಸೆದುಬಿಡುತ್ತಿದ್ದ. ಅದಕ್ಕೆ ಅವರು ಮೂರನೇ ಬೇಸ್‌ನಲ್ಲಿ ನಿಂತ ತಂಡದವರಿಗೆ ಸನ್ನೆ ಮಾಡಲು ಹೇಳಿದರು. ಸ್ಟ್ರೈಕ್ ಆದರೆ ಬಲಗೈ, ಬಾಲ್ ಆದರೆ ಎಡಗೈ. ಇದು ತಂಡದೊಳಗಿನ ಏರ್ಪಾಡು. ಅಂಪೈರ್‌ಗಳೇ ಸನ್ನೆ ಮಾಡಲು ಶುರುಮಾಡಿದ್ದು ನಂತರ. ಇದನ್ನು ನೋಡಿಯೇ ಅಂಪೈರ್‌ಗಳು ಕಲಿತರೋ ಅನ್ನುವುದಕ್ಕೆ ಗಟ್ಟಿ ದಾಖಲೆ ಇಲ್ಲ. ಇಲ್ಲದ್ದನ್ನು ಇದೆ ಅಂತ ನಾನು ವಾದ ಮಾಡುವುದಿಲ್ಲ.

ಆದರೆ ನಿಮ್ಮಲ್ಲಿ ಅಂಪೈರ್ ಬಿಲ್ ಕ್ಲೆಮ್ ಅವರ ಫಲಕ ಇದೆಯಲ್ಲ, ಅದರಲ್ಲಿ ಕೈಸನ್ನೆ ತಂದ ಕೀರ್ತಿ ಅವರದು ಅಂತ ಬರೆದಿದ್ದೀರಿ. ಕ್ಲೆಮ್ ನ್ಯಾಷನಲ್ ಲೀಗ್‌ಗೆ ಬಂದದ್ದು 1905ರಲ್ಲಿ. 1886ರ ಅಕ್ಟೋಬರ್ 20ರಂದು ಅಲಬಾಮಾದ ಮೊಬೀಲ್‌ನಲ್ಲಿ ಎಡ್ ಡಂಡನ್ ಒಂದು ಆಟಕ್ಕೆ ಅಂಪೈರ್ ಆಗಿದ್ದರು. ಅವರೂ ಒಹಾಯೊದ ಅದೇ ಶಾಲೆಯವರು. ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ. 1883ರಲ್ಲಿ ಕೊಲಂಬಸ್ ತಂಡಕ್ಕೆ ಪಿಚರ್ ಆಗಿ ದೊಡ್ಡ ಲೀಗ್ ಆಡಿದ ಮೊದಲ ಕಿವುಡ ಆಟಗಾರ ಅವರೇ. ಆ ದಿನ ಡಂಡನ್ ಬಲಗೈ ಬೆರಳಲ್ಲಿ ಸ್ಟ್ರೈಕ್, ಎಡಗೈ ಬೆರಳಲ್ಲಿ ಬಾಲ್ ತೋರಿಸಿದರು. ತಲೆ ಅಲ್ಲಾಡಿಸಿದರೆ ನಾಟ್ ಔಟ್, ಕೈ ಬೀಸಿದರೆ ಔಟ್. ಪತ್ರಿಕೆಯಲ್ಲೂ ಬಂತು. ಕ್ಲೆಮ್ ಬರುವುದಕ್ಕೆ ಹತ್ತೊಂಬತ್ತು ವರ್ಷ ಮೊದಲು! ಅಂದಮೇಲೆ ಕಂಚಿನಲ್ಲಿ ಬರೆದದ್ದೆಲ್ಲ ಗಟ್ಟಿ ಅಂತ ಹೇಳಲಾದೀತೇ? ನಿಮ್ಮ ಸಂಗ್ರಹಾಲಯ ಆ ಊರಿನಲ್ಲಿ ಇರುವುದೇ ಅಬ್ನರ್ ಡಬಲ್‌ಡೇ 1839ರಲ್ಲಿ ಅಲ್ಲಿ ಬೇಸ್‌ಬಾಲ್ ಕಂಡುಹಿಡಿದರು ಅನ್ನುವ ಕಥೆ ನಂಬಿ. ಕಥೆ ಸುಳ್ಳು ಅಂತ ನೀವೇ ಒಪ್ಪುತ್ತೀರಿ. ಊರು ಚೆನ್ನಾಗಿದೆ, ಇರಲಿ ಬಿಡಿ.

ಸನ್ನೆಯ ಕಥೆ ಹೋಯ್ ಅವರಿಗೆ ಮಾಡಿದ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಕಥೆಗೆ ಪುರಾವೆ ಇಲ್ಲ ಅಂತ ಆದ ಕೂಡಲೇ ಮನುಷ್ಯನನ್ನೂ ಬದಿಗಿಡುತ್ತಾರೆ. ಆ ಕಥೆ ಪೂರ್ತಿ ತೆಗೆದುಹಾಕಿ. ಉಳಿದದ್ದು ನೋಡಿ.

1888ರಿಂದ 1902ರವರೆಗೆ ಸುಮಾರು 1800 ಆಟ. 2000ಕ್ಕೂ ಹೆಚ್ಚು ಹಿಟ್. 1400ಕ್ಕೂ ಹೆಚ್ಚು ರನ್. 1000ಕ್ಕೂ ಹೆಚ್ಚು ವಾಕ್, ಅಂದರೆ ಸಾಕಷ್ಟು ಬಾಲ್ ಬಿಟ್ಟು ಪುಕ್ಕಟೆ ಪಡೆದ ಮೊದಲ ಬೇಸ್. ವಾಷಿಂಗ್ಟನ್, ಬಫಲೊ, ಸೇಂಟ್ ಲೂಯಿಸ್, ಸಿನ್ಸಿನಾಟಿ, ಲೂಯಿವಿಲ್, ಶಿಕಾಗೊ, ಹೀಗೆ ಆರು ಊರು. ನಾಲ್ಕು ಬೇರೆ ಬೇರೆ ಮೇಜರ್ ಲೀಗ್‌ಗಳು. ಅದರಲ್ಲಿ ಒಂದು, 1890ರ ಪ್ಲೇಯರ್ಸ್ ಲೀಗ್. ಮಾಲೀಕರ ಕಾಟ ತಾಳಲಾರದೆ ಆಟಗಾರರೇ ಕಟ್ಟಿ, ಒಂದೇ ವರ್ಷಕ್ಕೆ ಮುಚ್ಚಿಹೋದ ಲೀಗ್ ಅದು. ಹೋಯ್ ಅದರಲ್ಲೂ ಆಡಿದರು. 1901ರಲ್ಲಿ ಅಮೆರಿಕನ್ ಲೀಗ್ ದೊಡ್ಡ ಲೀಗ್ ಆದ ಮೊದಲ ವರ್ಷ ಶಿಕಾಗೊ ತಂಡ ಗೆದ್ದಿತು. ಆ ತಂಡದಲ್ಲಿ ಹೋಯ್ ಇದ್ದರು. 39ನೇ ವಯಸ್ಸಿನಲ್ಲಿ, ಆ ವರ್ಷ ಲೀಗ್‌ನಲ್ಲೇ ಎಲ್ಲರಿಗಿಂತ ಹೆಚ್ಚು ವಾಕ್ ಪಡೆದವರು ಅವರೇ. ಯಾವ ಚೆಂಡಿಗೆ ಬ್ಯಾಟ್ ಬೀಸಬಾರದು ಅಂತ ಗೊತ್ತಿದ್ದವರಿಗೆ ಮಾತ್ರ ವಾಕ್ ಸಿಗುತ್ತದೆ. ಗವಾಸ್ಕರ್ ಆಫ್ ಸ್ಟಂಪ್ ಆಚೆಯ ಚೆಂಡು ಬಿಡುತ್ತಿದ್ದುದನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ನಿಮ್ಮ ಉತ್ತರ ಏನು ಅಂತಲೂ ಗೊತ್ತು. ಜಾರ್ಜ್ ವ್ಯಾನ್ ಹಾಲ್ಟ್ರನ್, ಜಿಮ್ಮಿ ರಯಾನ್ ಇಬ್ಬರೂ ಅದೇ ಕಾಲದ ಔಟ್‌ಫೀಲ್ಡರ್‌ಗಳು. ಇಬ್ಬರದೂ 2500ಕ್ಕಿಂತ ಹೆಚ್ಚು ಹಿಟ್. ಅವರೇ ಇನ್ನೂ ಹೊರಗಿದ್ದಾರೆ, ಹೋಯ್ ಯಾಕೆ ಅನ್ನುತ್ತೀರಿ. ಸರಿಯಾದ ಪ್ರಶ್ನೆ. ಬರೀ ಅಂಕಿ ಇಟ್ಟು ನೋಡಿದರೆ ನಾನು ಸೋಲುತ್ತೇನೆ. ಆದರೆ ನೀವು ಯಾವತ್ತೂ ಬರೀ ಅಂಕಿ ನೋಡಿಲ್ಲ. ಕ್ಯಾಂಡಿ ಕಮಿಂಗ್ಸ್ ಅವರನ್ನು 1939ರಲ್ಲಿ ಸೇರಿಸಿದಿರಿ. ಯಾಕೆ? ಚೆಂಡನ್ನು ತಿರುಗಿಸುವ ದಾರಿ ಮೊದಲು ತೋರಿಸಿದರು ಅಂತ. ಕೂಪರ್ಸ್‌ಟೌನ್‌ನಲ್ಲೇ ಬೆಳೆದ ಬಡ್ ಫೌಲರ್, ವೃತ್ತಿಪರ ಆಟ ಆಡಿದ ಮೊದಲ ಕಪ್ಪು ಆಟಗಾರ, ಅವರನ್ನು 2022ರಲ್ಲಿ ಸೇರಿಸಿದಿರಿ. ತಡವಾದರೂ ಒಳ್ಳೆ ಕೆಲಸ. ದಾರಿ ಮಾಡಿದವರಿಗೆ ನಿಮ್ಮಲ್ಲಿ ಜಾಗ ಇದೆ ಅಂತಾಯಿತು. ಹೋಯ್ ದಾರಿಯನ್ನೂ ಮಾಡಿದರು, ಆ ದಾರಿಯಲ್ಲಿ ಹದಿನಾಲ್ಕು ಸೀಸನ್ ಓಡಿಯೂ ತೋರಿಸಿದರು.

1902ರ ಮೇ 16ರ ಆಟ ನನಗೆ ತುಂಬಾ ಇಷ್ಟ. ಸಿನ್ಸಿನಾಟಿಗೂ ನ್ಯೂಯಾರ್ಕ್ ಜಯಂಟ್ಸ್‌ಗೂ ಪಂದ್ಯ. ಜಯಂಟ್ಸ್ ಪಿಚರ್ ಲೂಥರ್ ಟೇಲರ್. ಕಾನ್ಸಾಸ್‌ನವರು, ಅವರಿಗೂ ಕಿವಿ ಕೇಳಿಸದು. ಬ್ಯಾಟ್ ಹಿಡಿದು ಬಂದವರು ಹೋಯ್. ದೊಡ್ಡ ಲೀಗ್‌ನಲ್ಲಿ ಇಬ್ಬರು ಕಿವುಡ ಆಟಗಾರರು ಎದುರುಬದುರಾದ ದಿನ ಅದು. ನಿನ್ನನ್ನು ನೋಡಿ ಖುಷಿಯಾಯಿತು ಅಂತ ಹೋಯ್ ಕೈಸನ್ನೆಯಲ್ಲೇ ಹೇಳಿದರು. ಆಮೇಲೆ ಟೇಲರ್ ಚೆಂಡಿಗೆ ಎರಡು ಹಿಟ್ ಬಾರಿಸಿದರು. ಸ್ನೇಹ ಬೇರೆ, ಆಟ ಬೇರೆ. ಒಬ್ಬರಿಗೆ ಆಗ 40 ಮುಟ್ಟಲು ಒಂದು ವಾರ ಬಾಕಿ, ಇನ್ನೊಬ್ಬರ ಆಟ ಈಗಷ್ಟೇ ಅರಳುತ್ತಿತ್ತು. ಟೇಲರ್ 1904ರಲ್ಲಿ 21 ಆಟ ಗೆದ್ದರು, ಒಟ್ಟು 116. ಜಯಂಟ್ಸ್ ಮ್ಯಾನೇಜರ್ ಜಾನ್ ಮೆಗ್ರಾ ಟೇಲರ್‌ಗಾಗಿ ಸನ್ನೆ ಭಾಷೆ ಕಲಿತರು, ತಂಡದವರೂ ಕಲಿತರು. ಒಬ್ಬನಿಗಾಗಿ ತಂಡವೇ ಒಂದು ಭಾಷೆ ಕಲಿತದ್ದು! ನಮ್ಮ ಗದ್ದೆಯ ತಂಡ ಮತ್ತೆ ನೆನಪಾಗುತ್ತದೆ. ಇರಲಿ.

ಹೆಸರಿನ ವಿಷಯ ಒಂದಿದೆ. ಆ ಕಾಲದಲ್ಲಿ ಡಂಡನ್, ಹೋಯ್, ಟೇಲರ್ ಮೂವರಿಗೂ ಒಂದೇ ಅಡ್ಡಹೆಸರು, ‘ಡಮ್ಮಿ’. ನಮ್ಮ ‘ಮೂಗ’ ಇದ್ದ ಹಾಗೆ. ಬರೆಯುವಾಗ ಶುದ್ಧ ಇಂಗ್ಲಿಷ್ ಬರೆಯುತ್ತಿದ್ದ, ಶಾಲೆಗೆ ಮೊದಲಿಗನಾದ ಮನುಷ್ಯನಿಗೆ ಆ ಹೆಸರು. ಹೋಯ್ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ವಿಲಿಯಂ ಅಂದವರನ್ನೇ ತಿದ್ದುತ್ತಿದ್ದರು ಅಂತ ಹೇಳುತ್ತಾರೆ. ಇರಬಹುದು. ನಮ್ಮ ಆ ಹುಡುಗನೂ ಮೂಗ ಅಂತ ಸನ್ನೆ ಮಾಡಿದರೆ ನಗುತ್ತಾ ಬರುತ್ತಿದ್ದ. ಬೇರೆ ಯಾವ ಹೆಸರಲ್ಲಿ ಕರೆದರೆ ತಾನೇ ಅವನು ಬೇರೆ ಹೆಸರು ಆರಿಸಿಕೊಳ್ಳುವುದು? ಈ ಪತ್ರಕ್ಕೆ ಕೂತಾಗ ಅವನ ನಿಜವಾದ ಹೆಸರು ಏನು ಅಂತ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮನಿಗೂ ಗೊತ್ತಿಲ್ಲ. ಆಚೆಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ ಅಂದಿದ್ದಾರೆ. ಮೂವತ್ತು ವರ್ಷದ ಹಿಂದೆ ಜೊತೆಗೆ ಆಡಿದವನ ಹೆಸರು!

ಹಾಗಾಗಿ ನಿಮ್ಮ ಫಲಕದ ಮೇಲೆ ‘ವಿಲಿಯಂ ಎಲ್ಸ್‌ವರ್ತ್ ಹೋಯ್’ ಅಂತಷ್ಟೇ ಇದ್ದರೆ ನನಗೆ ಖುಷಿ. ಕಿವಿಯ ವಿಷಯ ಕೊನೆಯ ಸಾಲಿನಲ್ಲಿ ಬರಲಿ. ನಮ್ಮ ಬಿ.ಎಸ್. ಚಂದ್ರಶೇಖರ್ ಬಗ್ಗೆ ನಾವು ಹಾಗೇ ಮಾತಾಡುವುದು. ಮೊದಲು 1971ರ ಓವಲ್, 38 ರನ್‌ಗೆ 6 ವಿಕೆಟ್. ಆಮೇಲೆ 58 ಟೆಸ್ಟ್, 242 ವಿಕೆಟ್. ಅದೆಲ್ಲ ಮುಗಿದ ಮೇಲೆ ಯಾರೋ ಹೇಳುತ್ತಾರೆ, ಆ ಕೈಗೆ ಪೋಲಿಯೊ ಆಗಿತ್ತು ಗೊತ್ತಾ ಅಂತ.

ಆಟ ಬಿಟ್ಟ ಮೇಲೆ ಹೋಯ್ ಸಿನ್ಸಿನಾಟಿ ಹತ್ತಿರ ಹೈನುಗಾರಿಕೆ ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಗುಡ್‌ಇಯರ್ ಕಾರ್ಖಾನೆಯಲ್ಲಿ ನೂರಾರು ಕಿವುಡ ಕೆಲಸಗಾರರ ಮೇಲ್ವಿಚಾರಣೆ ನೋಡಿಕೊಂಡರು. ಮಗ ನ್ಯಾಯಾಧೀಶರಾದರು. 1961ರ ಅಕ್ಟೋಬರ್ 7ರಂದು ಇದೇ ಊರಿನ ಕ್ರಾಸ್ಲಿ ಫೀಲ್ಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಮೂರನೇ ಆಟ, ರೆಡ್ಸ್ ಮತ್ತು ಯಾಂಕೀಸ್. ಮೊದಲ ಚೆಂಡು ಎಸೆಯಲು ಕರೆದದ್ದು 99 ವರ್ಷದ ಹೋಯ್ ಅವರನ್ನು. ಅವರು ಎಸೆದರು. ಆಟವನ್ನು ಯಾಂಕೀಸ್ ಗೆದ್ದಿತು, ಒಂಬತ್ತನೇ ಇನಿಂಗ್ಸ್‌ನಲ್ಲಿ ರೋಜರ್ ಮ್ಯಾರಿಸ್ ಹೋಮ್ ರನ್ ಬಾರಿಸಿ. ಡಿಸೆಂಬರ್ 15ಕ್ಕೆ ಹೋಯ್ ತೀರಿಕೊಂಡರು. ನೂರಕ್ಕೆ ಐದು ತಿಂಗಳು ಬಾಕಿ ಇತ್ತು. ಹಾಲ್ ಆಫ್ ಫೇಮ್ ಬಾಗಿಲು ತೆರೆದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಅವರು ಇದ್ದಾಗಲೇ ಕರೆಯಬಹುದಿತ್ತು ನೀವು.

ಈಗ ನಿಮ್ಮ ನಿಯಮದ ಬಗ್ಗೆ ಎರಡು ಮಾತು. 2022ರಲ್ಲಿ ವ್ಯವಸ್ಥೆ ಬದಲಿಸಿದಿರಿ. 1980ಕ್ಕೆ ಮೊದಲಿನವರೆಲ್ಲ ಈಗ ಒಂದೇ ಗುಂಪು, ಕ್ಲಾಸಿಕ್ ಬೇಸ್‌ಬಾಲ್ ಎರಾ. ಮೂರು ವರ್ಷಕ್ಕೊಮ್ಮೆ ಎಂಟು ಹೆಸರು. ಹದಿನಾರು ಜನರಲ್ಲಿ ಹನ್ನೆರಡು ಮತ ಬೇಕು. 1888ರ ಹೋಯ್ 1970ರ ದಶಕದ ಡೇವ್ ಪಾರ್ಕರ್ ಥರದವರ ಜೊತೆ ಸ್ಪರ್ಧಿಸಬೇಕು. ಪಾರ್ಕರ್ ಆಟ ಟಿವಿಯಲ್ಲಿ ನೋಡಿದವರು ಇದ್ದಾರೆ, ಹೋಯ್ ಆಟ ನೋಡಿದವರು ಒಬ್ಬರೂ ಉಳಿದಿಲ್ಲ. 2024ರ ಡಿಸೆಂಬರ್ ಪಟ್ಟಿಯ ಎಂಟು ಹೆಸರಲ್ಲಿ 19ನೇ ಶತಮಾನದ ಮೇಜರ್ ಲೀಗ್ ಆಟಗಾರ ಒಬ್ಬರೂ ಇರಲಿಲ್ಲ. ಹಳೆಯ ಕಾಲಕ್ಕೆ ಬೇರೆ ಸಮಿತಿ ಇದ್ದಾಗಲೇ ಬಡ್ ಫೌಲರ್ ಒಳಗೆ ಬಂದದ್ದು. ಆ ಬಾಗಿಲು ಮತ್ತೆ ತೆಗೆಯಿರಿ. ಅದಾಗದಿದ್ದರೆ, ಎಂಟರಲ್ಲಿ ಎರಡು ಜಾಗವನ್ನಾದರೂ 1900ಕ್ಕೆ ಮೊದಲಿನವರಿಗೆ ಇಡಿ. ವ್ಯಾನ್ ಹಾಲ್ಟ್ರನ್, ರಯಾನ್ ಹೆಸರೂ ಬರಲಿ, ನನ್ನ ತಕರಾರಿಲ್ಲ. ಹೋಯ್ ಸೋತರೆ ಸೋಲಲಿ. ಪಟ್ಟಿಯಲ್ಲಿ ಇದ್ದು ಸೋಲಲಿ.

ಮುಂದಿನ ಪಟ್ಟಿ 2027ರ ಡಿಸೆಂಬರ್‌ಗೆ. ಹೆಸರು ಆರಿಸುವವರು ನೀವು. ಇಂಗ್ಲಿಷ್ ಪ್ರತಿಯ ಜೊತೆ ಮರು ಉತ್ತರಕ್ಕೆ ಸ್ಟಾಂಪ್ ಹಚ್ಚಿದ ಲಕೋಟೆ ಇಟ್ಟಿರುತ್ತೇನೆ. ಉದ್ದಕ್ಕೆ ಬರೆಯಬೇಕಾಗಿಲ್ಲ. ಒಂದು ಚೀಟಿ ಸಾಕು.

ಇಂತಿ,
ಸಿನ್ಸಿನಾಟಿಯಲ್ಲಿರುವ ಒಬ್ಬ ಕುಂದಾಪ್ರದವ